ನಟಿಯ ಮುಖದ ಕಾಂತಿ ಮತ್ತು ನಮ್ಮ ಕೆನ್ನೆಯ ಉರಿ: ಚರ್ಮತಜ್ಞೆಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನಗೆ 26 ವರ್ಷ. ನನ್ನ ಮೆಚ್ಚಿನ ನಟಿಯೊಬ್ಬರು ತಾವು ಮುಖಕ್ಕೆ ಏನೇನು ಹಚ್ಚುತ್ತೇನೆಂದು ವಿಡಿಯೊದಲ್ಲಿ ತೋರಿಸಿದ್ದನ್ನು ನೋಡಿ, ಎರಡು ತಿಂಗಳಿಂದ ನಾನೂ ಸ್ಕ್ರಬ್, ಸೀರಮ್, ರೆಟಿನಾಲ್ (ವಿಟಮಿನ್ ಎ ಬಗೆಯ ಲೇಪ) ಸೇರಿ ಏಳು ಬಗೆಯವನ್ನು ಬಳಸುತ್ತಿದ್ದೇನೆ. ಈಗ ಕೆನ್ನೆ ಕೆಂಪಾಗಿದ್ದು, ನೀರು ತಾಗಿದರೂ ಉರಿಯುತ್ತದೆ. ಅವರಿಗೆ ಒಗ್ಗಿದ್ದು ನನಗೇಕೆ ಒಗ್ಗಲಿಲ್ಲ?

ಉತ್ತರ: ನಮಸ್ಕಾರ. ಮೊದಲು ಉರಿಯ ವಿಷಯ, ಏಕೆಂದರೆ ಅದಕ್ಕೆ ಇಂದೇ ಕ್ರಮ ಬೇಕು. ನಮ್ಮ ಚರ್ಮದ ತೀರಾ ಹೊರಗಿನ ಪದರವು ಕಾಗದದ ಹಾಳೆಗಿಂತಲೂ ತೆಳು. ಅದರಲ್ಲಿ ಸತ್ತ ಜೀವಕೋಶಗಳು ಇಟ್ಟಿಗೆಗಳಂತೆಯೂ ಅವುಗಳ ನಡುವಿನ ಕೊಬ್ಬಿನಂಶವು ಗಾರೆಯಂತೆಯೂ ಕೂಡಿಕೊಂಡು, ಒಳಗಿನ ತೇವ ಆರದಂತೆ, ಹೊರಗಿನ ವಸ್ತುಗಳು ಒಳನುಗ್ಗದಂತೆ ಕಾಯುತ್ತವೆ. ಸ್ಕ್ರಬ್‌ನಿಂದ ಉಜ್ಜಿ, ಆಮ್ಲವಿರುವ ಸೀರಮ್ ಹಚ್ಚಿ, ಅದರ ಮೇಲೆ ರೆಟಿನಾಲ್ ಬಳಿದರೆ ಈ ಗೋಡೆಯೇ ಶಿಥಿಲವಾಗುತ್ತದೆ. ನೀವು ಬರೆದಿರುವುದನ್ನು ನೋಡಿದರೆ ಆಗಿರುವುದು ಇದೇ ಇರಬೇಕು. ಏಳನ್ನೂ ನಿಲ್ಲಿಸಿ. ಒಂದು ತಿಂಗಳು ಸೌಮ್ಯವಾದ ಫೇಸ್‌ವಾಶ್, ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಮತ್ತು ಹಗಲಿನಲ್ಲಿ ಸನ್‌ಸ್ಕ್ರೀನ್, ಈ ಮೂರೇ ಸಾಕು. ಎರಡು ವಾರಗಳಲ್ಲಿ ಉರಿ ತಗ್ಗದಿದ್ದರೆ, ಅಥವಾ ಊತ ಕಾಣಿಸಿಕೊಂಡರೆ, ಹತ್ತಿರದ ಚರ್ಮವೈದ್ಯರಿಗೆ ನೇರವಾಗಿ ತೋರಿಸಿ.

ಇನ್ನು, "ಅವರಿಗೆ ಒಗ್ಗಿದ್ದು" ಎಂಬ ನಿಮ್ಮ ಮಾತನ್ನು ಸ್ವಲ್ಪ ನಿಂತು ನೋಡೋಣ. ಒಗ್ಗಿದೆಯೆಂದು ನಮಗೆ ತಿಳಿದದ್ದು ಹೇಗೆ? ಆ ಮುಖದ ಕಾಂತಿಯಲ್ಲಿ ಬೆಳಕಿನ ಜೋಡಣೆ, ಪ್ರಸಾಧನ, ಕ್ಯಾಮೆರಾದ ಫಿಲ್ಟರ್, ಹುಟ್ಟಿನಿಂದ ಬಂದ ಗುಣ, ಬಹುಶಃ ಲೇಸರ್‌ನಂಥ ಚಿಕಿತ್ಸೆಯೂ ಸೇರಿರಬಹುದು. ಅದರಲ್ಲಿ ಸೀರಮ್‌ನ ಪಾಲೆಷ್ಟು ಎಂಬುದನ್ನು ಅವರೂ ಹೇಳಲಾರರು. ಆದರೂ ನಾವು ನಂಬುತ್ತೇವೆ. ಒಬ್ಬರಲ್ಲಿ ಒಂದು ಒಳ್ಳೆಯ ಗುಣ ಕಂಡರೆ ಉಳಿದ ಗುಣಗಳನ್ನೂ ಊಹಿಸಿಕೊಳ್ಳುವ ಮನಸ್ಸಿನ ಈ ಒಲವನ್ನು ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನೋವಿಜ್ಞಾನಿ 1920ರಲ್ಲೇ ಗುರುತಿಸಿದ್ದರು. ಸುಂದರವಾದ ಮುಖಕ್ಕೆ ಚರ್ಮದ ಬಗ್ಗೆ ಜ್ಞಾನವೂ ಇದೆಯೆಂದು ನಾವು ಅರಿವಿಲ್ಲದೆಯೇ ಒಪ್ಪಿಕೊಂಡಿರುತ್ತೇವೆ.

ಅದೇ ಸದಸ್ಯೆ: ಧನ್ಯವಾದಗಳು ಡಾಕ್ಟರೇ. ಫಿಲ್ಟರ್ ಇದೆಯೆಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ನೋಡಿದಾಗಲೆಲ್ಲ ನನ್ನ ಮುಖ ನನಗೇ ಹಿಡಿಸುವುದಿಲ್ಲ. ಇದು ನನ್ನ ದೌರ್ಬಲ್ಯವೇ?

ಉತ್ತರ: ಖಂಡಿತ ಅಲ್ಲ. ನಾರ್ವೆಯಲ್ಲಿ ದೇಹದ ಆಕಾರವನ್ನೋ ಚರ್ಮವನ್ನೋ ತಿದ್ದಿದ ಜಾಹೀರಾತು ಚಿತ್ರಗಳಿಗೆ ಗುರುತು ಹಾಕಬೇಕೆಂಬ ಕಾನೂನು 2022ರ ಜುಲೈನಿಂದ ಜಾರಿಯಲ್ಲಿದೆ. ಕಾನೂನು ಸ್ವಾಗತಾರ್ಹವೇ, ಆದರೆ ಇಂಥ ಗುರುತನ್ನು ಓದಿದ ಮಾತ್ರಕ್ಕೆ ನೋಡುವವರ ಅಸಮಾಧಾನ ಅಷ್ಟಾಗಿ ತಗ್ಗುವುದಿಲ್ಲವೆಂದು ಹಲವು ಅಧ್ಯಯನಗಳು ತೋರಿಸಿವೆ. ಬುದ್ಧಿ ಎಚ್ಚರಿಸುವಷ್ಟರಲ್ಲಿ ಕಣ್ಣು ಹೋಲಿಸಿ ಮುಗಿಸಿರುತ್ತದೆ.

ಜನರು ತಮಗೆ ಸಮೀಪದವರೊಂದಿಗೆ ಹೆಚ್ಚು ಹೋಲಿಸಿಕೊಳ್ಳುತ್ತಾರೆ, ತೀರಾ ದೂರದವರೊಂದಿಗೆ ಕಡಿಮೆ ಎಂದು ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಪ್ರತಿಪಾದಿಸಿದ್ದರು. ತೆರೆಯ ಮೇಲೆ ಒಡವೆ ತೊಟ್ಟ ರಾಣಿಯಾಗಿ ಬರುವ ನಟಿಯನ್ನು ಕಂಡು ನಿಮಗೆ ನೋವಾಗದಿದ್ದರೂ, ಅವರೇ ಒದ್ದೆ ಕೂದಲಿನಲ್ಲಿ, ಪ್ರಸಾಧನವಿಲ್ಲದೆ, ತಮ್ಮ ಮನೆಯ ಕನ್ನಡಿಯ ಮುಂದೆ ನಿಂತು ಗೆಳತಿಯಂತೆ ಮಾತನಾಡಿದಾಗ ನೋವಾಗುವುದು ಇದಕ್ಕೇ ಎಂದು ನನಗನ್ನಿಸುತ್ತದೆ. ಆ ವಿಡಿಯೊ ಅವರನ್ನು ನಿಮ್ಮ ಪಕ್ಕಕ್ಕೆ ತಂದು ನಿಲ್ಲಿಸುತ್ತದೆ. ಆದ್ದರಿಂದ ಮನಸ್ಸನ್ನು ಗಟ್ಟಿ ಮಾಡಿಕೊಳ್ಳಿ ಎಂದು ನಾನು ಹೇಳುವುದಿಲ್ಲ, ಅಂಥ ವಿಡಿಯೊಗಳನ್ನು ನೋಡುವುದನ್ನೇ ಕೆಲವು ವಾರ ಬಿಡಿ ಎನ್ನುತ್ತೇನೆ. ಚರ್ಮದ ಕೆಳಪದರದಲ್ಲಿ ಹುಟ್ಟಿದ ಜೀವಕೋಶ ಮೇಲೆ ಬಂದು ಉದುರಲು ಒಂದು ತಿಂಗಳಿಗೂ ಹೆಚ್ಚು ಕಾಲ ಬೇಕು. ದಿನಕ್ಕೊಂದು ಹೊಸ ಸಲಹೆಯನ್ನು ಅನುಸರಿಸಿದರೆ ಯಾವುದರ ಫಲವೂ ತಿಳಿಯುವುದಿಲ್ಲ.

ಇನ್ನೊಬ್ಬ ಸದಸ್ಯರು: ಸನ್‌ಸ್ಕ್ರೀನ್ ಎಷ್ಟು ಹಚ್ಚಬೇಕು, ಮೇಡಂ?

ಉತ್ತರ: ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆಯಷ್ಟು ಮುಖ ಮತ್ತು ಕುತ್ತಿಗೆಗೆ ಬೇಕು. ಎಸ್‌ಪಿಎಫ್ (ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆ) 30 ಇರುವ ಸನ್‌ಸ್ಕ್ರೀನ್, ಬಿಸಿಲಿನಲ್ಲಿ ಚರ್ಮವನ್ನು ಸುಡುವ ಯುವಿಬಿ ಕಿರಣಗಳಲ್ಲಿ ಸುಮಾರು ಶೇಕಡಾ 97ರಷ್ಟನ್ನು ತಡೆಯುತ್ತದೆ, ಆದರೆ ತೆಳುವಾಗಿ ಸವರಿದರೆ ಆ ರಕ್ಷಣೆ ಸಿಗದು. ಬಿಸಿಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ.

ಮತ್ತೊಬ್ಬ ಸದಸ್ಯರು: ನನ್ನ ಮಗಳಿಗೆ 15 ವರ್ಷ. ಸುಕ್ಕು ತಡೆಯುವ ಸೀರಮ್ ಬೇಕೆಂದು ಹಟ ಹಿಡಿದಿದ್ದಾಳೆ. ಫೋಟೊ ತೆಗೆಯುವಾಗ ಮುಖ ಮುಚ್ಚಿಕೊಳ್ಳುತ್ತಾಳೆ. ಕೊಡಿಸಲೇ, ಡಾಕ್ಟರೇ?

ಉತ್ತರ: ಆ ವಯಸ್ಸಿಗೆ ಅದು ಅನಗತ್ಯ, ಉರಿ ತರುವ ಸಾಧ್ಯತೆಯೇ ಹೆಚ್ಚು. ಮೊಡವೆಗಳಿದ್ದರೆ ಅವಳ ಸಂಕಟವನ್ನು ಹಗುರವಾಗಿ ಕಾಣದೆ ಚಿಕಿತ್ಸೆ ಕೊಡಿಸಿ. ಫಲ ಕಾಣಲು ಎರಡು ಮೂರು ತಿಂಗಳು ಹಿಡಿಯುತ್ತದೆಂದು ಮೊದಲೇ ತಿಳಿಸಿ. ನನಗೆ ನಿಜವಾಗಿ ಆತಂಕ ತಂದದ್ದು ಫೋಟೊದ ಮಾತು. ಇತರರ ಕಣ್ಣಿಗೆ ಬೀಳದ ಕೊರತೆಯ ಬಗ್ಗೆ ದಿನಕ್ಕೆ ಗಂಟೆಗಟ್ಟಲೆ ಯೋಚಿಸುತ್ತಿದ್ದಾಳೆಯೇ, ಕನ್ನಡಿಯನ್ನು ಬಿಟ್ಟು ಬರಲಾರದಷ್ಟು ನೋಡುತ್ತಾಳೆಯೇ, ಅದರಿಂದ ಶಾಲೆಯನ್ನೋ ಗೆಳತಿಯರನ್ನೋ ತಪ್ಪಿಸುತ್ತಿದ್ದಾಳೆಯೇ ಎಂದು ಗಮನಿಸಿ. ಹೌದಾದರೆ ಅದು ಹದಿಹರೆಯದಲ್ಲಿ ಹೆಚ್ಚಾಗಿ ಶುರುವಾಗುವ ಒಂದು ಮಾನಸಿಕ ತೊಂದರೆಯಾಗಿರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ, ಅದು ಸಿಗುವುದು ಮನೋವೈದ್ಯರ ಬಳಿ. "ನೀನು ಚೆನ್ನಾಗಿಯೇ ಇದ್ದೀಯಲ್ಲ" ಎಂಬ ಸಮಾಧಾನ ಅರ್ಧ ಗಂಟೆಯೂ ಉಳಿಯುವುದಿಲ್ಲ. ಅದರ ಬದಲು, ಮುಖದ ಚಿಂತೆಯಿಂದಾಗಿ ಈ ವಾರ ಏನೇನು ಬಿಟ್ಟುಬಿಟ್ಟೆ ಎಂದು ಮೆಲ್ಲಗೆ ಕೇಳಿ, ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.