ಕಚಗುಳಿ ಇಟ್ಟರೆ ಮಗಳು ನಗುತ್ತಾಳೆ, ಆದರೆ ಅವಳಿಗೆ ಅದು ಇಷ್ಟವಾ?

ಪ್ರಶ್ನೆ: ಮೇಡಂ, ನನ್ನ ಮಗಳಿಗೆ 4 ವರ್ಷ. ನನ್ನ ಮೈದುನ ಮನೆಗೆ ಬಂದಾಗೆಲ್ಲ ಅವಳನ್ನು ಹಿಡಿದುಕೊಂಡು ಕಂಕುಳಿಗೆ, ಪಕ್ಕೆಗೆ ಕಚಗುಳಿ ಇಡುತ್ತಾನೆ. ಅವಳು ಬಿದ್ದು ಬಿದ್ದು ನಗುತ್ತಾಳೆ. ಆದರೆ ಎಷ್ಟೋ ಸಲ ಅದು ಅಳುವಿನಲ್ಲಿ ಮುಗಿಯುತ್ತದೆ. "ನಗ್ತಾ ಇದ್ದಾಳಲ್ಲ ಅತ್ತಿಗೆ, ಅವಳಿಗೆ ಇಷ್ಟ" ಅಂತಾನೆ. ನಾನೇ ಸುಮ್ನೆ ಜಾಸ್ತಿ ಯೋಚನೆ ಮಾಡುತ್ತಿದ್ದೇನಾ?

ಉತ್ತರ (ಮಕ್ಕಳ ಮನಶ್ಶಾಸ್ತ್ರಜ್ಞೆ): ಇಲ್ಲಮ್ಮ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ತಮಾಷೆ ಕೇಳಿ ಬರುವ ನಗು ಬೇರೆ, ಕಚಗುಳಿಗೆ ಬರುವ ನಗು ಬೇರೆ. ಇದು ತಡೆಯಲಾಗದೆ ಉಕ್ಕಿ ಬರುತ್ತದೆ. ಮನಸ್ಸು ಸಾಕು ಅಂದರೂ ಬಾಯಿ ನಗುತ್ತಲೇ ಇರುತ್ತದೆ. ಹಾಗಾಗಿ ಇಲ್ಲಿ ನಗುವನ್ನು ಒಪ್ಪಿಗೆ ಅಂದುಕೊಳ್ಳಬಾರದು.

ಹಾಗಾದರೆ ಇಷ್ಟ ಇದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಇದಕ್ಕೆ ಇಲಿಗಳ ಕಥೆ ಹೇಳುತ್ತೇನೆ. ನನಗೆ ತುಂಬ ಪ್ರೀತಿಯ ಸಂಶೋಧನೆ ಇದು. 1990ರ ದಶಕದ ಕೊನೆಯಲ್ಲಿ ಯಾಕ್ ಪ್ಯಾಂಕ್ಸೆಪ್ ಎಂಬ ವಿಜ್ಞಾನಿ ಮರಿ ಇಲಿಗಳಿಗೆ ಕೈಯಿಂದ ಕಚಗುಳಿ ಇಟ್ಟರು. ಇಲಿಗಳು ಸುಮಾರು 50 ಕಿಲೋಹರ್ಟ್ಸ್‌ನಲ್ಲಿ ಚಿಲಿಪಿಲಿಗುಟ್ಟಿದವು. ನಮ್ಮ ಕಿವಿಗೆ 20ರ ಮೇಲೆ ಕೇಳಿಸುವುದಿಲ್ಲ, ಉಪಕರಣ ಬೇಕಾಯಿತು. ಆದರೆ ನನ್ನನ್ನು ಹಿಡಿದದ್ದು ಆ ಸದ್ದಲ್ಲ. ಕೈ ತೆಗೆದಾಗ ಇಲಿಗಳು ಆ ಕೈಯ ಹಿಂದೆಯೇ ಓಡಿ ಬಂದವು! ಇನ್ನೂ ಬೇಕು ಅನ್ನುವುದಕ್ಕೆ ಅದಕ್ಕಿಂತ ಸ್ಪಷ್ಟ ಮಾತು ಇಲ್ಲ.

2016ರಲ್ಲಿ ಬರ್ಲಿನ್‌ನಲ್ಲಿ ಇಶಿಯಾಮಾ ಮತ್ತು ಬ್ರೆಕ್ಟ್ ಇದನ್ನೇ ಮುಂದುವರಿಸಿದರು. ಎತ್ತರದ ಅಟ್ಟಣೆಯ ಮೇಲೆ, ಕಣ್ಣು ಕುಕ್ಕುವ ಬೆಳಕಿನಲ್ಲಿ ನಿಲ್ಲಿಸಿದಾಗ ಅದೇ ಇಲಿಗಳ ಚಿಲಿಪಿಲಿ ತೀರ ಕಡಿಮೆಯಾಯಿತು. ಮುಟ್ಟಿದ್ದು ಅದೇ ಕೈ, ಅದೇ ಜಾಗ. ಬದಲಾಗಿದ್ದು ಭಯ ಮಾತ್ರ. ಅಪರಿಚಿತ ವ್ಯಕ್ತಿ ಕಚಗುಳಿ ಇಟ್ಟರೆ ಮಗು ನಗುವ ಬದಲು ಹೆದರಿ ಕಿರುಚುತ್ತದೆ ಎಂದು ಡಾರ್ವಿನ್ 1872ರಲ್ಲೇ ಬರೆದಿದ್ದರು.

ನಿಮ್ಮ ಮೈದುನನಿಗೆ ಇಷ್ಟು ಹೇಳಿ: ನಾಲ್ಕೈದು ಸೆಕೆಂಡ್ ಕಚಗುಳಿ ಇಡಲಿ, ಆಮೇಲೆ ಎರಡೂ ಕೈ ಮೇಲೆತ್ತಿ ಸುಮ್ಮನಿರಲಿ. ಅವಳನ್ನು ಹಿಡಿದುಕೊಳ್ಳುವುದು ಮಾತ್ರ ಬೇಡ. ಓಡಿ ಹೋಗಲು ದಾರಿ ಇದ್ದರೆ ಅದು ಆಟ. ದಾರಿ ಇಲ್ಲದಿದ್ದರೆ ಆಟವಲ್ಲ, ಅಲ್ವಾ?

ಇನ್ನೊಬ್ಬರ ಪ್ರಶ್ನೆ: ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲ. ಅದು ಯಾಕೆ ಮೇಡಂ?

ಉತ್ತರ: ನಿಮ್ಮ ಕೈ ಎಲ್ಲಿಗೆ ಹೋಗುತ್ತಿದೆ ಎಂದು ಮೆದುಳಿಗೆ ಮೊದಲೇ ಗೊತ್ತು. ಅದರಲ್ಲೂ ಹಿಂದೆ ಇರುವ ಕಿರುಮೆದುಳು, ಬರಲಿರುವ ಸ್ಪರ್ಶವನ್ನು ಮುಂಚೆಯೇ ಲೆಕ್ಕ ಹಾಕಿ ಅದರ ಜೋರನ್ನು ತಗ್ಗಿಸಿಬಿಡುತ್ತದೆ. 1998ರಲ್ಲಿ ಲಂಡನ್‌ನಲ್ಲಿ ಸಾರಾ ಜೇನ್ ಬ್ಲೇಕ್‌ಮೋರ್ ಮತ್ತು ಸಂಗಡಿಗರು ಮೆದುಳಿನ ಸ್ಕ್ಯಾನ್ ಮಾಡಿ ಇದನ್ನು ತೋರಿಸಿದರು. ಮುಂದಿನ ವರ್ಷದ ಪ್ರಯೋಗ ಇನ್ನೂ ಚೆನ್ನಾಗಿದೆ. ಜನ ಒಂದು ಕೈಯಿಂದ ರೋಬಾಟ್ ನಡೆಸಿ, ಇನ್ನೊಂದು ಅಂಗೈಗೆ ತಾವೇ ಕಚಗುಳಿ ಇಟ್ಟುಕೊಂಡರು. ರೋಬಾಟ್ ಸೆಕೆಂಡಿನ ಹತ್ತನೇ ಒಂದೆರಡು ಭಾಗ ತಡವಾಗಿ ಚಲಿಸುವಂತೆ ಮಾಡಿದರೆ ಸಾಕು, ಕಚಗುಳಿ ಜಾಸ್ತಿ ಆಯಿತು. ಮೆದುಳಿನ ಲೆಕ್ಕ ತಪ್ಪಿತು, ಅಷ್ಟೇ.

ಒಂದು ಮಾತು ಸೇರಿಸಬೇಕು. ಇರುವೆ ಹರಿದಾಡಿದಂತೆ, ಗರಿ ಸವರಿದಂತೆ ಆಗುವ ಜುಮ್ಮೆನ್ನುವ ಕಚಗುಳಿಯೂ ಇದೆ. ಅದು ಸಾಮಾನ್ಯವಾಗಿ ನಗು ತರಿಸುವುದಿಲ್ಲ. ಅದನ್ನು ನಮಗೆ ನಾವೇ ಸ್ವಲ್ಪ ಮಟ್ಟಿಗೆ ಮಾಡಿಕೊಳ್ಳಬಹುದು. ಎದುರಿಗೆ ಇನ್ನೊಬ್ಬರು ಬೇಕಾಗುವುದು ಪಕ್ಕೆ ಒತ್ತಿ ನಗಿಸುವ ಕಚಗುಳಿಗೆ.

ಇನ್ನೊಬ್ಬರ ಪ್ರಶ್ನೆ: ನಮ್ಮ ಪಾಪುಗೆ 3 ತಿಂಗಳು. ಅಂಗಾಲಿಗೆ ಎಷ್ಟು ಕಚಗುಳಿ ಇಟ್ಟರೂ ನಗುವುದೇ ಇಲ್ಲ. ಏನಾದರೂ ತೊಂದರೆಯಾ?

ಉತ್ತರ: ಏನೂ ಇಲ್ಲ. ಕಚಗುಳಿಗೆ ನಗುವುದು ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿನಲ್ಲಿ ಶುರುವಾಗುತ್ತದೆ. ಈಗ ಅಂಗಾಲು ಸವರುತ್ತಾ ಮಾತಾಡಿಸಿ, ಅದೇ ಸಾಕು.

ಮೊದಲು ಕೇಳಿದವರು: ಮೇಡಂ, ನೀವು ಹೇಳಿದಂತೆ ಮಾಡಿ ನೋಡಿದೆವು. ಮೈದುನ ಕೈ ತೆಗೆದ ತಕ್ಷಣ ಓಡಿ ಬಂದು ನನ್ನ ಹಿಂದೆ ನಿಂತಳು. ಅವನ ಮುಖ ಬಾಡಿಹೋಯಿತು. ಐದು ನಿಮಿಷ ಬಿಟ್ಟು ತಾನೇ ಅವನ ಪಕ್ಕ ಹೋಗಿ ಕೂತು, ಒಂದು ಕಾಲು ಚಾಚಿ "ಇಲ್ಲಿ ಮಾತ್ರ" ಅಂದಳು.

ಉತ್ತರ: ಎಷ್ಟು ಚೆನ್ನಾಗಿ ಹೇಳಿದ್ದಾಳೆ! ಹಾಗಾದರೆ ಪಕ್ಕೆ ಬೇಡ, ಅಂಗಾಲು ಸರಿ, ಅದೂ ಒಂದೇ ಕಾಲು. ಇನ್ನೊಂದು ಕಾಲು ಅವಳಾಗಿ ಚಾಚುವವರೆಗೆ ಚಿಕ್ಕಪ್ಪ ಕಾಯಲಿ.