ರಾಜ್ಮಾ ಬೇರೆ, ಖಿಮಾ ಬೇರೆ: ವೈನಿಗೆ ಚಿಲಿ ಬಗ್ಗೆ ಉತ್ತರ

ವೈನಿ, ನಿಮ್ಮ ಮೆಸೇಜ್ ಈಗ ಓದಿದೆ. ಹುಡುಗರಿಗೆ ಅಮೆರಿಕಾದ ಚಿಲಿ, ಅಂದ್ರ ಮಾಂಸ, ಮೆಣಸಿನಕಾಯಿ ಹಾಕಿ ಕುದಿಸೋ ಗಟ್ಟಿ ಅಡಗಿ, ಮಾಡಬೇಕಂತ ಖಿಮಾ, ನೆನೆಸಿದ ರಾಜ್ಮಾ, ಟಮಾಟಿ ಎಲ್ಲಾ ಒಮ್ಮೆಲೇ ಹಾಕಿ ಸಣ್ಣ ಉರಿ ಮ್ಯಾಲ ಎರಡು ತಾಸು ಇಟ್ರಿ. ರಾಜ್ಮಾ ಕಲ್ಲಿನಂಗೇ ಉಳೀತು, ಖಿಮಾ ಬಿಳಿಚಿಕೊಂಡು ಸಪ್ಪಗಾತು, ಖಾರ ಮಾತ್ರ ಬಾಯಾಗ ಇಡ್ಲಾಕ ಆಗಲಿಲ್ಲ ಅಂತ ಬರದೀರಿ. ಮೂರಕ್ಕೂ ಬೇರೆ ಬೇರೆ ಕಾರಣ ಅದಾವ, ಒಂದೊಂದೇ ಹೇಳ್ತೀನಿ. ಜರಾ ಉದ್ದ ಆಗ್ತದ, ಪೂರಾ ಕೇಳ್ರಿ.

ಮೊದ್ಲು ಖಾರದ ಮಾತು. ನೀವು ನೋಡಿದ ರೆಸಿಪಿಯಾಗ ಮೂರು ದೊಡ್ಡ ಚಮಚ ಚಿಲಿ ಪೌಡರ್ ಅಂತ ಇತ್ತಲ್ಲ, ಅದು ನಮ್ಮ ಖಾರಪುಡಿ ಅಲ್ರಿ. ಅಲ್ಲಿ ಆ ಹೆಸರಿಂದ ಮಾರೋದು ಮಸಾಲಿ ಪುಡಿ. ಖಾರ ಕಮ್ಮಿ ಇರೋ ಮೆಣಸಿನಕಾಯಿ, ಜೀರಿಗಿ, ಒರಿಗ್ಯಾನೊ, ಬಳ್ಳೊಳ್ಳಿ ಪುಡಿ ಎಲ್ಲಾ ಕೂಡಿಸಿರ್ತಾರ. ಆ ಲೆಕ್ಕಕ್ಕ ನಮ್ಮ ಗುಂಟೂರು ಖಾರಪುಡಿ ಹಾಕಿದ್ರ ಯಾರೂ ಉಣ್ಲಾಕ ಆಗಲ್ಲ. ಡಬ್ಬಿ ಪುಡಿ ಬಿಡ್ರಿ, ಆರು ಮಂದಿಗೆ 10 ಬ್ಯಾಡಗಿ, 2 ಗುಂಟೂರು ಒಣಮೆಣಸಿನಕಾಯಿ ತಗೋರಿ. ಬ್ಯಾಡಗಿ ಬಣ್ಣಕ್ಕ, ರುಚಿಗೆ. ಗುಂಟೂರು ಬರೇ ಖಾರಕ್ಕ. ತೊಟ್ಟು, ಬೀಜ ತೆಗೆದು ಸಣ್ಣ ಉರಿಯ ಹಂಚಿನ ಮ್ಯಾಲ ಅರ್ಧ ನಿಮಿಷ ಹೊರಳಾಡಸ್ರಿ. ಸುಕ್ಕು ಬಿಚ್ಚಿ ಜರಾ ಉಬ್ಬಿ, ಘಮ್ಮಂತ ವಾಸನಿ ಬಂತಂದ್ರ ತಕ್ಷಣ ಇಳಸ್ರಿ. ಕರೀ ಚುಕ್ಕಿ ಬಿತ್ತಂದ್ರ ಆ ಕಾಯಿ ತೆಗದುಬಿಡ್ರಿ, ಒಂದೇ ಹತ್ತಿದ್ರೂ ಪೂರಾ ಅಡಗಿ ಕಹಿ ಆಗ್ತದ. 20 ನಿಮಿಷ ಬಿಸಿನೀರಾಗ ನೆನೆಸಿ, ಅದೇ ನೀರು ಥೋಡೆ ಹಾಕಿ ನುಣ್ಣಗ ರುಬ್ರಿ.

ಇನ್ನ ರಾಜ್ಮಾ. 250 ಗ್ರಾಂ ಸಾಕು. ಟಮಾಟಿ ಹುಳಿಯಾಗ ಹಾಕಿದ ಕಾಳು ಎಷ್ಟು ಕುದಿಸಿದ್ರೂ ಬೇಗ ಮೆತ್ತಗಾಗಲ್ಲ, ಹುಳಿ ಅದರ ಸಿಪ್ಪಿ ಗಟ್ಟಿ ಹಿಡೀತದ. ಅದರ ಮ್ಯಾಲ ಬೋರಿನ ಗಡಸು ನೀರು ಇತ್ತಂದ್ರ ಮುಗೀತು. ಫಿಲ್ಟರ್ ನೀರಾಗ ಒಂದು ಚಮಚ ಉಪ್ಪು ಹಾಕಿ 8 ತಾಸು ನೆನಸ್ರಿ. ಉಪ್ಪು ಹಾಕಿದ್ರ ಕಾಳು ಬೇಯಲ್ಲ ಅಂತಾರ, ಖರೇ ಅಲ್ಲ. ನೆನೆಯೋ ನೀರಿನ ಉಪ್ಪಿಗೆ ಸಿಪ್ಪಿ ಮೆತ್ತಗೇ ಆಗ್ತದ. ನಮ್ಮ ಬ್ಯಾಸಿಗ್ಯಾಗ ರಾತ್ರಿಪೂರ ಹೊರಗಿಟ್ರ ನೀರು ನೊರಿ ಬಂದು ಹುಳಿತದ, ಫ್ರಿಜ್‌ದಾಗ ಇಡ್ರಿ. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಾಗ ಮುಚ್ಚಳ ತೆಗೆದು ಹತ್ತು ನಿಮಿಷ ಕೊತಕೊತ ಕುದಸ್ರಿ, ಆ ನೀರೂ ಚೆಲ್ರಿ. ಆಮ್ಯಾಲ ಮತ್ತ ಹೊಸ ನೀರು ಹಾಕಿ ಕುಕ್ಕರ್‌ದಾಗ ಒಂದು ಸೀಟಿ ಬಂದ ಮ್ಯಾಲ ಸಣ್ಣ ಉರಿಯಾಗ 15 ನಿಮಿಷ.

ಈ ಕುದಿ ಮಾತ್ರ ಯಾರೂ ಬಿಡಬ್ಯಾಡ್ರಿ. ಹಸಿ ರಾಜ್ಮಾದಾಗ ಲೆಕ್ಟಿನ್ ಅನ್ನೋ ವಿಷ ಇರ್ತದ, ಅರೆಬರೆ ಬೆಂದದ್ದು ಉಂಡ್ರ ಎರಡು-ಮೂರು ತಾಸಿನೊಳಗ ವಾಂತಿ, ಭೇದಿ ಆಗ್ತದ. ಕುದಿ ಬರದ ಹಂಗೇ ಬಿಸಿ ಹಿಡಿದು ಇಟ್ರ, ಅಂದ್ರ 80 ಡಿಗ್ರಿ ಆಸುಪಾಸು, ಅದು ಕಮ್ಮಿ ಆಗೋದರ ಬದಲಿ ಹೆಚ್ಚಾಗ್ತದ. ಎಲೆಕ್ಟ್ರಿಕ್ ಸ್ಲೋ ಕುಕ್ಕರ್‌ದಾಗ ಹಸಿ ರಾಜ್ಮಾ ಹಾಕಬಾರದು ಅನ್ನೋದು ಇದಕ್ಕೇ. ಒಂದು ಕಾಳು ಬೆರಳಾಗ ಹಿಡಿದು ಒತ್ತಿ ನೋಡ್ರಿ: ಸಿಪ್ಪಿ ಹರಿಬಾರದು, ಒಳಗ ಮಾತ್ರ ಬೆಣ್ಣಿಯಂಗ ಇರಬೇಕು, ನಡುವ ಬಿಳಿ ಚುಕ್ಕಿ ಉಳಿಬಾರದು. ಕುಕ್ಕರ್‌ದಾಗ ಕಾಳು ಬೆಂದ ನೀರು, ಅಂದ್ರ ಕಟ್ಟು, ಚೆಲ್ಲಬ್ಯಾಡ್ರಿ, ಬೇಕಾಗ್ತದ.

ಖಿಮಾ ಮುಕ್ಕಾಲು ಕಿಲೋ, ಮಟನ್‌ದೇ. ಅಂಗಡಿಯಾಗ ಮಷಿನ್‌ಗೆ ಒಂದೇ ಸಲ ಹಾಕು ಅಂತ ಹೇಳ್ರಿ, ದಪ್ಪ ಇರ್ಲಿ, ಜರಾ ಕೊಬ್ಬೂ ಇರ್ಲಿ. ತೊಳದಿದ್ರ ನೀರು ಪೂರಾ ಹಿಂಡಿ, ಬಟ್ಟಿಯಿಂದ ಒರಸ್ರಿ. ಅಗಲ ದಪ್ಪ ಕಡಾಯಿ ಹೊಗಿ ಬರೋ ಹಂಗ ಕಾಸಿ, ಎರಡು ಚಮಚ ಎಣ್ಣಿ ಹಾಕಿ, ಅರ್ಧ ಖಿಮಾ ಮಾತ್ರ ಹರಡ್ರಿ. ನಾಲ್ಕು ನಿಮಿಷ ಸೌಟು ಮುಟ್ಟಸಬ್ಯಾಡ್ರಿ. ಪೂರಾ ಒಮ್ಮೆಲೇ ಹಾಕಿದ್ರ ನೀರು ಬಿಟ್ಟು ಅದರಾಗೇ ಬೇಯ್ತದ, ನೀರು ಇರೋತನಕ ಬಿಸಿ 100 ಡಿಗ್ರಿ ದಾಟಲ್ಲ, ಕಂದು ಬಣ್ಣ ಬರಲ್ಲ. ನಿಮ್ಮ ಖಿಮಾ ಸಪ್ಪಗಾಗಿದ್ದು ಹಿಂಗೇ. ಸಪ್ಪಳ ಕೇಳ್ರಿ: ಸೊಂಯ್ ಅನ್ನೋದು ಹೋಗಿ ಚಟಚಟ ಅಂತಂದ್ರ ನೀರು ಆರೇದ, ಆವಾಗ ತಿರುವಿ ಹಾಕ್ರಿ. ತೆಗೆದಿಟ್ಟು ಉಳಿದರ್ಧ ಹುರೀರಿ.

ಅದೇ ಕಡಾಯಿಗೆ ಸಣ್ಣಗ ಹೆಚ್ಚಿದ ಮೂರು ಉಳ್ಳಾಗಡ್ಡಿ. ಅದರ ನೀರಿಗೆ ತಳದಾಗ ಹತ್ತಿದ್ದು ಬಿಡ್ತದ, ಕೆರೆದು ಕೂಡಸ್ರಿ. ಹತ್ತು ಎಸಳು ಬಳ್ಳೊಳ್ಳಿ, ಹುರಿದು ಪುಡಿ ಮಾಡಿದ ಜೀರಿಗಿ ಒಂದೂವರೆ ದೊಡ್ಡ ಚಮಚ, ಪಿಜ್ಜಾ ಜೋಡಿ ಬರೋ ಒರಿಗ್ಯಾನೊ ಒಂದು ಸಣ್ಣ ಚಮಚ. ಗರಂ ಮಸಾಲಿ, ಧನಿಯಾ ಪುಡಿ, ಅರಿಶಿಣ ಯಾವುದೂ ಬ್ಯಾಡ, ಹಾಕಿದ್ರ ನಮ್ಮ ಖಿಮಾ ಮಸಾಲಿನೇ ಆಗ್ತದ. ರುಬ್ಬಿದ ಮೆಣಸಿನಕಾಯಿ ಹಾಕಿ ಎಣ್ಣಿ ಬಿಡೋತನಕ ಐದು ನಿಮಿಷ, ಆಮ್ಯಾಲ 400 ಗ್ರಾಂ ಟಮಾಟಿ ಅರೆದದ್ದು, ಖಿಮಾ, ಒಂದೂವರೆ ಸಣ್ಣ ಚಮಚ ಉಪ್ಪು, ಎರಡು ಕಪ್ ರಾಜ್ಮಾ ಕಟ್ಟು. ಸಣ್ಣ ಉರಿಯಾಗ ಮುಕ್ಕಾಲು ತಾಸು. ಬೆಂದ ರಾಜ್ಮಾ ಕಡೀಗೆ ಹಾಕಿ ಇನ್ನ 20 ನಿಮಿಷ, ಅಷ್ಟರಾಗ ಮಸಾಲಿ ಹೀರಿಕೋತದ. ಸಕ್ಕರಿ ಇಲ್ಲದ ಕೋಕೋ ಪುಡಿ ಒಂದು ಸಣ್ಣ ಚಮಚ ಹಾಕಿದ್ರ ರಸಕ್ಕ ಆಳ ಬರ್ತದ, ಇಲ್ಲಂದ್ರೂ ನಡೀತದ.

ಗಟ್ಟಿ ಮಾಡ್ಲಾಕ ಅಲ್ಲಿ ಮೆಕ್ಕಿಜೋಳದ ಹಿಟ್ಟು ಹಾಕ್ತಾರ. ನಮ್ಮ ಮನ್ಯಾಗ ಜೋಳದ ಹಿಟ್ಟು ಇರ್ತದಲ್ಲ, ಅದನ್ನೇ ಒಂದು ದೊಡ್ಡ ಚಮಚ ಹುರಿದು, ತಣ್ಣೀರಾಗ ಕಲಸಿ, ಕಡೀ ಹತ್ತು ನಿಮಿಷಕ್ಕ ಹಾಕ್ರಿ. ಖಡಕ್ ರೊಟ್ಟಿ ಮುರಿದು ಅದ್ದಿ ಉಂಡ್ರ ಭಾಳ ಹೊಂದ್ತದ, ಮ್ಯಾಲ ಹಸಿ ಉಳ್ಳಾಗಡ್ಡಿ, ನಿಂಬಿಹುಳಿ, ಕಟ್ಟಿದ ಮೊಸರು.

ಕಾಕಾ, ನೀವು ಕೇಳಿದ್ರಿ, ರಾಜ್ಮಾ ಇಲ್ಲದ ಚಿಲಿ ಇರ್ತದೇನು ಅಂತ. ಇರ್ತದ್ರಿ. ಟೆಕ್ಸಾಸ್‌ದಾಗ ಕಾಳು ಹಾಕಲ್ಲ, ಮಾಂಸ, ಮೆಣಸಿನಕಾಯಿನೇ ಅದರ ಜೀವ. 1977ರಾಗ ಅಲ್ಲಿನ ಶಾಸನಸಭೆ ಅದನ್ನೇ ರಾಜ್ಯದ ಅಡಗಿ ಅಂತ ಮಾಡೇದ. ಅದಕ್ಕ ಖಿಮಾ ಬದಲಿ ಭುಜದ ಮಾಂಸದ ಸಣ್ಣ ತುಂಡು ಹಾಕಿ ಒಂದೂವರೆ-ಎರಡು ತಾಸು ಬೇಯಸ್ರಿ.

ವೈನಿ, ನಿನ್ನಿ ಮಾಡಿದ ಚಿಲಿ ಫ್ರಿಜ್‌ದಾಗ ಅದ ಅಂದ್ರಿ, ಹಂಗೇ ಬಿಸಿ ಮಾಡಿ ಉಣಬ್ಯಾಡ್ರಿ. ಎರಡು ಕಪ್ ನೀರು, ಎರಡು ಚಿಟಿಕಿ ಅಡಗಿ ಸೋಡಾ ಹಾಕಿ ಕುಕ್ಕರ್‌ದಾಗ ಸೀಟಿ ಬಂದ ಮ್ಯಾಲ 25 ನಿಮಿಷ ಇಡ್ರಿ, ಕಾಳು ಒತ್ತಿ ನೋಡ್ರಿ. ಸೋಡಾ ಹುಳಿ ಮುರೀತದ, ಕಾಳು ಮೆತ್ತಗಾದ ಮ್ಯಾಲ ನಿಂಬಿಹಣ್ಣು ಹಿಂಡ್ರಿ. ಖಾರಕ್ಕ ಆಲೂಗಡ್ಡಿ ಹಾಕಿದ್ರ ಏನೂ ಹೀರಲ್ಲ. ಖಾರ ಇಲ್ಲದ ಖಿಮಾ ಅರ್ಧ ಕಿಲೋ ಹುರಿದು ಕೂಡಸ್ರಿ, ಮೊಸರು ಜೋಡಿ ಕೊಡ್ರಿ.