ಎರಡು ಬೆಟ್ಟ, ಒಂದೇ ಹೆಸರು: ಬ್ರಹ್ಮಗಿರಿ ಪುಟಕ್ಕೆ ಏನು ಮಾಡೋಣ?

ಭಾಗಮಂಡಲದವಳು:

ಎಲ್ಲರಿಗೂ ನಮಸ್ಕಾರ. ನಾವು ಐದಾರು ಜನ ಸೇರಿ ಕೊಡಗಿನ ಬೆಟ್ಟ, ಹೊಳೆ, ದೇವಸ್ಥಾನಗಳ ಬಗ್ಗೆ ಒಂದು ಸಣ್ಣ ವಿಕಿ ನಡೆಸುತ್ತಿದ್ದೇವೆ. ವಿಕಿ ನಡೆಸುವ ತಂತ್ರಾಂಶ ಮೀಡಿಯಾವಿಕಿ ಹಾಕಿಕೊಂಡಿದ್ದೇವೆ. ಅದರಲ್ಲಿ ಒಂದು ಹೆಸರಿಗೆ ಒಂದೇ ಪುಟ. ಅಲ್ಲೇ ಸಿಕ್ಕಿಬಿದ್ದಿದ್ದೇವೆ.

ನನಗೆ ಬ್ರಹ್ಮಗಿರಿ ಅಂದರೆ ತಲಕಾವೇರಿಯ ಮೇಲಿನ ಬೆಟ್ಟ. ಚಿಕ್ಕವಳಿದ್ದಾಗ ಅಜ್ಜಿಯ ಕೈ ಹಿಡಿದು ಮೆಟ್ಟಿಲು ಹತ್ತಿದ ಬೆಟ್ಟ. ಆ ಹೆಸರಿನ ಪುಟ ಶುರು ಮಾಡಿದವಳೂ ನಾನೇ. ಆಮೇಲೆ ಶ್ರೀಮಂಗಲ ಕಡೆಯ ಒಬ್ಬರು ಅದೇ ಪುಟಕ್ಕೆ ಇರ್ಪು ಜಲಪಾತ, ವನ್ಯಧಾಮ, ನರಿಮಲೆ ದಾರಿ ಎಲ್ಲ ಸೇರಿಸಿದರು. ಅವರ ತಪ್ಪೇನೂ ಇಲ್ಲ. ಅವರ ಬ್ರಹ್ಮಗಿರಿ ಅದೇ, ವಯನಾಡಿನ ಗಡಿಯ ಬೆಟ್ಟಸಾಲು.

ಎರಡೂ ಕಡೆ ಹೊಳೆ ಹುಟ್ಟುತ್ತದೆ. ನಮ್ಮ ಕಡೆ ಕಾವೇರಿ, ಅವರ ಕಡೆ ಲಕ್ಷ್ಮಣತೀರ್ಥ. 'ಬ್ರಹ್ಮಗಿರಿಯಲ್ಲಿ ಹುಟ್ಟುತ್ತದೆ' ಅನ್ನುವ ಮಾತು ಎರಡಕ್ಕೂ ನಿಜ. ಓದಿದವರು ಒಂದೇ ಬೆಟ್ಟದ ಎರಡು ಮಗ್ಗುಲು ಅಂದುಕೊಳ್ಳುತ್ತಾರೆ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಜರಿಯಿತಲ್ಲ, ಅದನ್ನೂ ಯಾರೋ ಇದೇ ಪುಟದಲ್ಲಿ ಇರ್ಪು ಚಾರಣದ ಕೆಳಗೆ ಹಾಕಿದ್ದಾರೆ. ಮೈಸೂರಲ್ಲಿ ಓದುತ್ತಿರುವ ಅಕ್ಕನ ಮಗಳು ಓದಿ, "ಚಿಕ್ಕಮ್ಮ, ಜರಿದದ್ದು ಇರ್ಪಿನ ಮೇಲಾ?" ಅಂತ ಕೇಳಿದಳು. ನನಗೆ ಬಹಳ ಸಂಕಟವಾಯಿತು. ಆ ದಿನಗಳ ಮಳೆಯ ಸದ್ದು ನಾವಿನ್ನೂ ಮರೆತಿಲ್ಲ. ಜೀವ ಹೋದ ಜಾಗವನ್ನು ತಪ್ಪಾಗಿ ಬರೆಯಬಾರದು, ಅಲ್ವಾ?

ಬರೀ 'ಬ್ರಹ್ಮಗಿರಿ' ಅನ್ನುವ ಹೆಸರನ್ನು ಯಾವ ಪುಟಕ್ಕೆ ಕೊಡಬೇಕು?

ಮಡಿಕೇರಿ ಮೇಷ್ಟ್ರು:

ಎರಡಕ್ಕೇ ನಿಲ್ಲುವುದಿಲ್ಲಮ್ಮ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲೂ ಒಂದು ಬ್ರಹ್ಮಗಿರಿ ಇದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅಶೋಕನ ಶಾಸನ ಪತ್ತೆ ಮಾಡಿದ್ದು ಅಲ್ಲೇ. 1947ರಲ್ಲಿ ಪುರಾತತ್ವಜ್ಞ ವೀಲರ್ ಉತ್ಖನನ ಮಾಡಿದ್ದೂ ಅಲ್ಲೇ. ಮಹಾರಾಷ್ಟ್ರದ ತ್ರ್ಯಂಬಕದಲ್ಲಿ ಗೋದಾವರಿ ಹುಟ್ಟುವ ಬೆಟ್ಟಕ್ಕೂ ಇದೇ ಹೆಸರು. ಹಾಗಾಗಿ 'ಬ್ರಹ್ಮಗಿರಿ (ಬೆಟ್ಟ)' ಅಂತ ಬರೆದರೆ ಏನೂ ಬಗೆಹರಿಯದು. 'ಬ್ರಹ್ಮಗಿರಿ (ಕೊಡಗು)' ಕೂಡ ಆಗದು, ಎರಡು ಕೊಡಗಿನಲ್ಲೇ ಇವೆ. ಹತ್ತಿರದ ಊರಿನ ಹೆಸರೇ ಗತಿ.

ಶ್ರೀಮಂಗಲದ ಹುಡುಗ:

ಅಕ್ಕ, ಇರ್ಪಿನ ಭಾಗ ಬರೆದವನು ನಾನೇ. ಜರಿದ ವಿಷಯ ನಾನು ಹಾಕಿದ್ದಲ್ಲ, ಆದರೆ ನೋಡಿಯೂ ಸುಮ್ಮನಿದ್ದೆ. ಕ್ಷಮಿಸಿ.

ಹೊರಗಿನಿಂದ ಬರುವವರು ಜಾಸ್ತಿ ಹುಡುಕುವುದು ಚಾರಣದ ಬ್ರಹ್ಮಗಿರಿಯನ್ನು. ಹಾಗಾಗಿ ಬರೀ ಹೆಸರು ನಮ್ಮ ಸಾಲಿಗೆ ಇರಲಿ ಅನ್ನಿಸುತ್ತದೆ. ಮೇಲುಗಡೆ 'ತಲಕಾವೇರಿಯ ಬೆಟ್ಟಕ್ಕೆ ಇಲ್ಲಿ ನೋಡಿ' ಅಂತ ಒಂದು ಸಾಲು ಹಾಕಿದರೆ ಸಾಲದೇ?

ಭಾಗಮಂಡಲದವಳು:

ತಮ್ಮಾ, ನೀನು ಕ್ಷಮೆ ಕೇಳುವುದು ಬೇಡ. ಆದರೆ ಇದಕ್ಕೆ ನಾನು ಒಪ್ಪಲಾರೆ. ಹುಡುಕುವವರ ಲೆಕ್ಕ ತಿಂಗಳಿಗೊಂದು ಥರ ಇರುತ್ತದೆ. ಅಕ್ಟೋಬರ್‌ನಲ್ಲಿ ತಲಕಾವೇರಿಯ ತೀರ್ಥೋದ್ಭವದ ಹೊತ್ತಿಗೆ ಎಲ್ಲರೂ ನಮ್ಮ ಕಡೆಯದನ್ನೇ ಕೇಳುತ್ತಾರೆ. ನನ್ನ ಬೆಟ್ಟಕ್ಕೇ ಹೆಸರು ಬೇಕು ಅಂತ ಹಠವೂ ಇಲ್ಲ.

ಹಳೇ ವಿಕಿಗ:

ಯಾವುದೊಂದೂ ಎದ್ದು ಕಾಣದಿದ್ದರೆ ಬರೀ ಹೆಸರನ್ನು ಯಾರಿಗೂ ಕೊಡಬೇಡಿ. ಅಲ್ಲಿ ದ್ವಂದ್ವ ನಿವಾರಣೆ ಪುಟ ಇರಲಿ, ಅಂದರೆ ಒಂದೇ ಹೆಸರಿನವುಗಳ ಪಟ್ಟಿ ಕೊಟ್ಟು ಸರಿಯಾದ ಪುಟಕ್ಕೆ ದಾರಿ ತೋರಿಸುವ ಪುಟ. ಒಂದೊಂದು ಬ್ರಹ್ಮಗಿರಿಗೂ ಒಂದೊಂದು ಸಾಲು, ಅಷ್ಟೇ. ವನ್ಯಧಾಮ 1974ರಲ್ಲಿ ಘೋಷಣೆಯಾದದ್ದು, ಅದಕ್ಕೆ 'ಬ್ರಹ್ಮಗಿರಿ ವನ್ಯಧಾಮ' ಅನ್ನುವ ಸ್ವಂತ ಹೆಸರೇ ಇದೆ, ಆವರಣದಲ್ಲಿ (ಬ್ರಾಕೆಟ್‌ನಲ್ಲಿ) ಊರಿನ ಹೆಸರು ಬೇಕಿಲ್ಲ. ಆವರಣ ಬೇಕಾಗುವುದು ಬೆಟ್ಟಗಳಿಗೆ: 'ಬ್ರಹ್ಮಗಿರಿ (ತಲಕಾವೇರಿ)', 'ಬ್ರಹ್ಮಗಿರಿ (ಇರ್ಪು)'.

ಕೆಲಸದ ಕ್ರಮ ಮುಖ್ಯ. ಈಗಿನ ಪುಟವನ್ನು ತಲಕಾವೇರಿ ಹೆಸರಿಗೆ ಸ್ಥಳಾಂತರಿಸಿ. ಹಳೆಯ ಹೆಸರು ಪುನರ್ನಿರ್ದೇಶನವಾಗಿ ಉಳಿಯುತ್ತದೆ, ಅಂದರೆ ಅದನ್ನು ಒತ್ತಿದವರು ತಾನಾಗಿ ಹೊಸ ಪುಟಕ್ಕೆ ಹೋಗುತ್ತಾರೆ. ಇರ್ಪಿನ ಭಾಗವನ್ನು ಹೊಸ ಪುಟಕ್ಕೆ ಹಾಕುವಾಗ ಎಲ್ಲಿಂದ ತಂದದ್ದು ಅಂತ ಸಂಪಾದನೆಯ ಸಾರಾಂಶದಲ್ಲಿ ಬರೆಯಿರಿ. ಇಲ್ಲದಿದ್ದರೆ ಆ ಹುಡುಗ ಬರೆದದ್ದು ಎನ್ನುವ ಗುರುತೇ ಹೋಗುತ್ತದೆ. ಆಮೇಲೆ ಹಳೆಯ ಹೆಸರಿಗೆ ಎಲ್ಲೆಲ್ಲಿಂದ ಕೊಂಡಿ ಬಂದಿದೆ ಅಂತ ಪಟ್ಟಿ ತೆಗೆದು, ಒಂದೊಂದನ್ನೂ ಓದಿ ಸರಿಪಡಿಸಿ. ಓದದೆ ಒಟ್ಟಿಗೆ ಬದಲಿಸಿದರೆ ಇದೇ ತಪ್ಪು ಮತ್ತೆ ಬರುತ್ತದೆ. ಹಳೆಯ ಹೆಸರನ್ನು ದ್ವಂದ್ವ ನಿವಾರಣೆ ಪುಟ ಮಾಡುವುದು ಕೊನೆಗೆ.

ಶ್ರೀಮಂಗಲದ ಹುಡುಗ:

ಇದು ಸರಿ. ಇರ್ಪಿನ ಪುಟ ನಾನು ಮಾಡುತ್ತೇನೆ ಅಕ್ಕ.

ಭಾಗಮಂಡಲದವಳು:

ನಿನ್ನೆ ರಾತ್ರಿ ಕೂತು ಮಾಡಿದೆ. 23 ಕೊಂಡಿ ಇದ್ದವು. ಬೆಟ್ಟ ಜರಿದ ಸಾಲು ಈಗ ತಲಕಾವೇರಿಯ ಪುಟದಲ್ಲಿದೆ. ಅಕ್ಕನ ಮಗಳಿಗೂ ಕಳಿಸಿದೆ. ಮೇಷ್ಟ್ರೇ, ಮೊಳಕಾಲ್ಮೂರಿನ ಸಾಲು ನೀವು ಹೇಳಿದಂತೆ ಬರೆದಿದ್ದೇನೆ, ಒಮ್ಮೆ ನೋಡಿ.

ಒಂದು ಕೊಂಡಿ ಮಾತ್ರ ಬಿಟ್ಟಿದ್ದೇನೆ. ಶೋಲಾ ಕಾಡಿನ (ಎತ್ತರದ ಬೆಟ್ಟಗಳ ಕಣಿವೆಯ ಕಾಡು) ಪುಟದಲ್ಲಿ 'ಬ್ರಹ್ಮಗಿರಿಯ ಹುಲ್ಲುಗಾವಲಿನ ನಡುವೆ' ಅಂತಷ್ಟೇ ಇದೆ. ಬರೆದವರು ಈಗ ವಿಕಿಗೆ ಬರುವುದಿಲ್ಲ. ತಮ್ಮಾ, ಆ ಪುಟದ ಫೋಟೋ ನೋಡಿ ಹೇಳು, ಅದು ನಿಮ್ಮ ಕಡೆಯದಾ?